ಸವೆತ ಎಲ್ಲಿ ಸೇರುತ್ತದೆ: ರೋಟರಿ ಎಂಜಿನ್ನಿನ ಬಾಳಿಕೆಯ ಲೆಕ್ಕ

ರೋಟರಿ ಎಂಜಿನ್ನಿನ ಪರ ವಹಿಸುವವರು ಮೊದಲು ಮಾಡುವ ಕೆಲಸ ಬಿಡಿಭಾಗ ಎಣಿಸುವುದು. ಎರಡು ರೋಟರು, ಎರಡನ್ನೂ ಹೊತ್ತ ಒಂದು ಶಾಫ್ಟು. ಒಳಗೆ ತಿರುಗುವ ದೊಡ್ಡ ಭಾಗಗಳು ಇಷ್ಟೇ. ವಾಲ್ವಿಲ್ಲ, ಕ್ಯಾಮ್ ಶಾಫ್ಟಿಲ್ಲ, ಟೈಮಿಂಗ್ ಚೈನಿಲ್ಲ, ಕನೆಕ್ಟಿಂಗ್ ರಾಡ್ ಇಲ್ಲ. ಪಿಸ್ಟನ್ನಿನ ಹಾಗೆ ಮೇಲೆ ಹೋಗಿ, ಗಕ್ಕನೆ ನಿಂತು, ದಿಕ್ಕು ತಿರುಗಿಸಿ ಕೆಳಗೆ ಬರುವ ಎಳೆದಾಟವೂ ಇಲ್ಲ. ಭಾಗ ಕಡಿಮೆಯಾದರೆ ಕೆಡುವುದೂ ಕಡಿಮೆ ಎಂಬ ತರ್ಕ ಕೇಳಲು ಸೊಗಸಾಗಿಯೇ ಇದೆ. ಆದರೆ 1960ರ ದಶಕದಿಂದ ಈಚಿನ ಇತಿಹಾಸ ಅದನ್ನು ಒಪ್ಪುವುದಿಲ್ಲ. ಎದುರು ಪಕ್ಷದವರು ಹೇಳುವಂತೆ ರೋಟರಿ ಹುಟ್ಟಾ ರೋಗಿಷ್ಠ ಎಂಬ ಮಾತೂ ಅದೇ ಇತಿಹಾಸದ ಮುಂದೆ ನಿಲ್ಲುವುದಿಲ್ಲ. ಸವೆತವೆಲ್ಲ ಎಲ್ಲಿ ಬಂದು ಸೇರುತ್ತದೆ, ಆ ಜಾಗಕ್ಕೆ ಆಯಿಲ್ ತಲುಪುತ್ತದೆಯೇ, ಎಂಜಿನ್ನಿನಿಂದ ಯಾವ ಬಗೆಯ ದುಡಿಮೆ ಮಾಡಿಸುತ್ತಿದ್ದೇವೆ ಎಂಬ ಮೂರು ಪ್ರಶ್ನೆ ಕೇಳಿದರೆ ಮಾತ್ರ ರೋಟರಿ ಗೆದ್ದದ್ದೂ ಸೋತದ್ದೂ ಒಟ್ಟಿಗೆ ಅರ್ಥವಾಗುತ್ತವೆ.

ಯಂತ್ರದ ಒಳಗನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮುಂದಿನ ತಾಪತ್ರಯವೆಲ್ಲ ಅಲ್ಲೇ ಇದೆ. ನಡುವೆ ಕೊಂಚ ಸೊಂಟ ಬಿಟ್ಟ ಅಂಡಾಕಾರದ ಗೂಡು, ಅಂದರೆ ಹೌಸಿಂಗ್. ಅದರೊಳಗೆ ಬದಿಗಳು ಉಬ್ಬಿದ ತ್ರಿಕೋನದಂಥ ರೋಟರ್. ರೋಟರ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಶಾಫ್ಟ್ ಮೂರು ಸುತ್ತು ತಿರುಗಿರುತ್ತದೆ. ಮೀಟರಿನಲ್ಲಿ ನಿಮಿಷಕ್ಕೆ 9000 ಸುತ್ತು ಕಂಡರೂ ರೋಟರಿನ ಪಾಲಿಗೆ ಅದು 3000 ಮಾತ್ರ. ತ್ರಿಕೋನದ ಮೂರು ತುದಿಗಳಲ್ಲಿ ಸ್ಪ್ರಿಂಗಿನ ಮೇಲೆ ಕೂತ ಒಂದೊಂದು ತೆಳು ಪಟ್ಟಿ ಇದೆ. ಇದೇ ಅಪೆಕ್ಸ್ ಸೀಲ್. ಪಿಸ್ಟನ್ನಿಗೆ ಒಂದರ ಕೆಳಗೊಂದು ರಿಂಗುಗಳಿದ್ದು, ಮೇಲಿನದು ಬಿಟ್ಟದ್ದನ್ನು ಕೆಳಗಿನದು ತಡೆಯುತ್ತದೆ. ಅಪೆಕ್ಸ್ ಸೀಲಿಗೆ ಅಂಥ ಬೆಂಬಲವಿಲ್ಲ. ಅದು ಗೋಡೆಯನ್ನು ಮುಟ್ಟುವುದು ಒಂದು ಗೆರೆಯಷ್ಟು ಅಗಲದಲ್ಲಿ, ಅದೂ ಗಳಿಗೆಗೊಂದು ಕೋನದಲ್ಲಿ ವಾಲುತ್ತ. ಒಂದು ಸೀಲ್ ಸೋರಿದರೆ ರೋಟರಿನ ಮುಖಕ್ಕೂ ಗೋಡೆಗೂ ನಡುವೆ ಇರುವ, ಅಕ್ಕಪಕ್ಕದ ಎರಡು ಕೋಣೆಗಳ ಒತ್ತಡವೂ ಕೆಡುತ್ತದೆ. ಇದಕ್ಕೆ ಶಾಖದ ಸಮಸ್ಯೆ ಸೇರುತ್ತದೆ. ಪಿಸ್ಟನ್ ಎಂಜಿನ್ನಿನ ಸಿಲಿಂಡರಿನಲ್ಲಿ ಬೆಂಕಿ ಹೊತ್ತಿದ ಜಾಗಕ್ಕೇ ಮರುಕ್ಷಣ ತಣ್ಣನೆಯ ಗಾಳಿಯೂ ಬರುತ್ತದೆ. ರೋಟರಿಯಲ್ಲಿ ಸ್ಪಾರ್ಕ್ ಪ್ಲಗ್ಗಿನ ಕಡೆ ಸದಾ ಬೆಂಕಿ, ಗಾಳಿ ಒಳಬರುವ ಕಡೆ ಸದಾ ತಂಪು. ಹೌಸಿಂಗ್ ಒಂದು ಪಕ್ಕ ಹೆಚ್ಚು ಹಿಗ್ಗಿ, ಇನ್ನೊಂದು ಪಕ್ಕ ಹಿಗ್ಗದೆ ಉಳಿಯುತ್ತದೆ. ಕೊನೆಯದಾಗಿ ಆಯಿಲ್. ಪಿಸ್ಟನ್ನಿನ ಬೆನ್ನಿಗೆ ಕೆಳಗಿನಿಂದ ಆಯಿಲ್ ಎರಚುತ್ತದೆ, ಹೆಚ್ಚಾದದ್ದನ್ನು ರಿಂಗ್ ಕೆರೆದು ತೆಗೆಯುತ್ತದೆ. ಅಪೆಕ್ಸ್ ಸೀಲಿಗೆ ಆ ದಾರಿಯಿಲ್ಲದ್ದರಿಂದ ಪುಟ್ಟ ಪಂಪೊಂದು ಆಯಿಲನ್ನು ಅಳೆದು ಒಳಗೆ ಬಿಡಬೇಕು, ಅದು ಪೆಟ್ರೋಲಿನ ಜೊತೆ ಉರಿದುಹೋಗಬೇಕು. ಪಿಸ್ಟನ್ ಗಾಡಿ ಆಯಿಲ್ ತಿಂದರೆ ರಿಂಗ್ ಹೋಗಿದೆ ಎನ್ನುತ್ತೇವೆ. ರೋಟರಿ ಆಯಿಲ್ ತಿನ್ನದಿದ್ದರೆ ಗಾಬರಿಯಾಗಬೇಕು.

ಈ ತೊಡಕುಗಳು ಮೊದಲ ದಿನದಿಂದಲೂ ಇದ್ದವು. ಜರ್ಮನಿಯ ಫೆಲಿಕ್ಸ್ ವಾಂಕೆಲ್ ಎನ್‌ಎಸ್‌ಯು ಕಂಪನಿಯ ಜೊತೆ ಕೂಡಿ ರೂಪಿಸಿದ ಎಂಜಿನ್ 1957ರಲ್ಲಿ ಮೊದಲ ಬಾರಿಗೆ ಓಡಿತು. ಅದರಲ್ಲಿ ರೋಟರೂ ಹೌಸಿಂಗೂ ಎರಡೂ ತಿರುಗುತ್ತಿದ್ದವು. ಚಲನೆ ಬಲು ನಯ. ಆದರೆ ಸ್ಪಾರ್ಕ್ ಪ್ಲಗ್ ಬದಲಿಸಬೇಕಾದರೆ ಎಂಜಿನ್ನನ್ನೇ ಬಿಚ್ಚಬೇಕಿತ್ತು. ರಿಪೇರಿ ಮಾಡುವವನನ್ನು ಇಷ್ಟು ಸಲೀಸಾಗಿ ಮರೆತ ವಿನ್ಯಾಸ ಇನ್ನೊಂದು ಸಿಗುವುದು ಕಷ್ಟ. ಅದೇ ಕಂಪನಿಯ ಹನ್ಸ್ ಡೀಟರ್ ಪಾಷ್ಕೆ ಹೌಸಿಂಗನ್ನು ನಿಲ್ಲಿಸಿ ರೋಟರನ್ನು ಮಾತ್ರ ತಿರುಗಿಸುವ ರೂಪ ಕೊಟ್ಟರು. 1958ರಲ್ಲಿ ಅದು ಓಡಿತು. ನಂತರ ಬಂದ ವಾಂಕೆಲ್ ಎಂಜಿನ್ನುಗಳೆಲ್ಲ ಈ ಎರಡನೆಯದರ ಸಂತಾನ. ಜಪಾನಿನ ಹಿರೋಶಿಮಾದ ತೊಯೊ ಕೊಗ್ಯೊ, ಅಂದರೆ ಇಂದಿನ ಮಜ್ದಾ, 1961ರಲ್ಲಿ ಪರವಾನಗಿ ಪಡೆದು ಕೆನಿಚಿ ಯಮಮೊಟೊ ಅವರ ಕೈಗೆ ಕೆಲಸ ಒಪ್ಪಿಸಿತು. ಪರೀಕ್ಷೆಗಿಟ್ಟ ಎಂಜಿನ್ನುಗಳನ್ನು ಬಿಚ್ಚಿದಾಗ ಹೌಸಿಂಗಿನ ಒಳಗೋಡೆಯ ತುಂಬ ಅಡ್ಡಗೀರುಗಳು ಕಂಡವು. ಸೈತಾನನ ಉಗುರಿನ ಗುರುತು ಎಂದು ಅಲ್ಲಿನವರು ಅದಕ್ಕೆ ಹೆಸರಿಟ್ಟರು. ಸೀಲ್ ಒಂದು ನಿರ್ದಿಷ್ಟ ಕಂಪನಕ್ಕೆ ಸಿಕ್ಕಿ ಜಾರುವ ಬದಲು ಕುಪ್ಪಳಿಸುತ್ತಿತ್ತು. ಇಂಗಾಲದೊಳಗೆ ಅಲ್ಯುಮಿನಿಯಮ್ ಇಳಿಸಿ ಮಾಡಿದ ಸೀಲ್ ಬಂದಮೇಲೆ ಆ ಗೀರು ನಿಂತು, 1967ರ ಮೇ ತಿಂಗಳಲ್ಲಿ ಮಜ್ದಾದ ರೋಟರಿ ಕಾರು ಕಾಸ್ಮೊ ಸ್ಪೋರ್ಟ್ ಮಾರುಕಟ್ಟೆಗೆ ಬಂತು.

ಎನ್‌ಎಸ್‌ಯು ತನ್ನ ಆರ್‌ಒ 80 ಕಾರನ್ನು ತಂದದ್ದೂ ಅದೇ ವರ್ಷ. ನೋಡಲು ತನ್ನ ಕಾಲಕ್ಕಿಂತ ಹತ್ತು ವರ್ಷ ಮುಂದಿತ್ತು, ಯುರೋಪಿನಲ್ಲಿ 1968ರ ವರ್ಷದ ಕಾರು ಎಂಬ ಪ್ರಶಸ್ತಿಯನ್ನೂ ಪಡೆಯಿತು. ಮೊದಲ ಕೆಲವು ವರ್ಷಗಳ ಎಂಜಿನ್ನುಗಳು ಮಾತ್ರ ಬೇಗನೆ ಕೈಕೊಟ್ಟವು. ಅಪೆಕ್ಸ್ ಸೀಲುಗಳು ಸವೆದವು; ಎಂಜಿನ್ನಿನ ವೇಗ ಸದ್ದಿಲ್ಲದೆ ಏರುತ್ತಿದ್ದುದರಿಂದ ಚಾಲಕರಿಗೆ ಮಿತಿ ಮೀರಿದ್ದೇ ತಿಳಿಯುತ್ತಿರಲಿಲ್ಲ. ಕಂಪನಿ ವಾರಂಟಿಯಲ್ಲಿ ಎಂಜಿನ್ ಮೇಲೆ ಎಂಜಿನ್ ಬದಲಿಸಿಕೊಟ್ಟಿತು. ಎದುರುಬದುರಾದ ಆರ್‌ಒ 80 ಮಾಲೀಕರು ತಮಗೆಷ್ಟು ಎಂಜಿನ್ ಬದಲಾಗಿವೆ ಎಂದು ಬೆರಳೆತ್ತಿ ತೋರಿಸುತ್ತಿದ್ದರು ಎಂಬ ತಮಾಷೆ ಇಂದಿಗೂ ಉಳಿದಿದೆ. ಸೀಲಿನ ಲೋಹ ಬದಲಾದ ಮೇಲೆ ದೋಷ ಬಹುಮಟ್ಟಿಗೆ ಹೋಯಿತು, ಆದರೆ ಹೋದ ಹೆಸರು ಮರಳಲಿಲ್ಲ. 1969ರಲ್ಲಿ ಎನ್‌ಎಸ್‌ಯು ಫೋಕ್ಸ್‌ವ್ಯಾಗನ್ ತೆಕ್ಕೆಗೆ ಸೇರಿತು. 1977ರವರೆಗೆ ತಯಾರಾದ ಆರ್‌ಒ 80 ಸುಮಾರು 37,000 ಮಾತ್ರ. ಹಲವರು ರೋಟರಿ ತೆಗೆಸಿ ಫೋರ್ಡಿನ ವಿ4 ಪಿಸ್ಟನ್ ಎಂಜಿನ್ ಕೂರಿಸಿಕೊಂಡರು. ಹತ್ತಿರದ ಯಾವ ಗ್ಯಾರೇಜಿನವನಾದರೂ ಅದನ್ನು ಬಿಚ್ಚಿ ಜೋಡಿಸಬಲ್ಲ ಎಂಬುದೂ ಅದರ ಒಂದು ಗುಣವೇ.

ಇದಕ್ಕೆ ಎದುರು ನಿಲ್ಲುವ ಸಾಕ್ಷ್ಯವೂ ಅಷ್ಟೇ ಗಟ್ಟಿ. 1968ರಲ್ಲಿ ಮಜ್ದಾ ಎರಡು ಕಾಸ್ಮೊ ಕಾರುಗಳನ್ನು ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನ 84 ಗಂಟೆಗಳ ಓಟಕ್ಕೆ ಇಳಿಸಿತು. ಒಂದು ನಾಲ್ಕನೆಯದಾಗಿ ಮುಗಿಸಿತು. ಇನ್ನೊಂದು ಕೊನೆಯ ಗಂಟೆಗಳಲ್ಲಿ ನಿಂತದ್ದು ಆಕ್ಸಲ್ ಕೆಟ್ಟು, ಎಂಜಿನ್ ಕೆಟ್ಟಲ್ಲ. 1991ರ ಜೂನಿನಲ್ಲಿ ಫ್ರಾನ್ಸಿನ ಲ ಮಾನ್ಸ್‌ನಲ್ಲಿ ಮಜ್ದಾದ ನಾಲ್ಕು ರೋಟರಿನ 787ಬಿ ಕಾರು ಇಡೀ 24 ಗಂಟೆ ಓಡಿ ಗೆದ್ದಿತು. ಅದರ ಅಪೆಕ್ಸ್ ಸೀಲುಗಳು ಸೆರಾಮಿಕ್. ರೇಸಿನ ಎಂಜಿನ್ನನ್ನು ಪ್ರತಿ ಓಟದ ನಂತರ ಪರಿಣತರು ಬಿಚ್ಚಿ ಕೂರಿಸುತ್ತಾರೆ, ಅದನ್ನು ಮನೆಗಾಡಿಗೆ ಹೋಲಿಸುವುದು ಸರಿಯೇ ಎಂದು ಕೇಳಬಹುದು. ಸರಿಯಲ್ಲ, ಮತ್ತು ವಿಷಯದ ತಿರುಳು ಅದೇ. ರೇಸಿನಲ್ಲಿ ಎಂಜಿನ್ ಚೆನ್ನಾಗಿ ಕಾದಿರುತ್ತದೆ, ಒಂದೇ ಹದದಲ್ಲಿ ದುಡಿಯುತ್ತದೆ, ಆಯಿಲ್ ಒಂದು ಗಳಿಗೆಯೂ ತಪ್ಪುವುದಿಲ್ಲ. ರೋಟರಿಗೆ ಒಗ್ಗುವ ಬದುಕು ಇದು. ಅದನ್ನು ಕೊಲ್ಲುವುದು ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ, ಗೇಟಿನಿಂದ ಆಚೆ ಇಟ್ಟು, ಅಲ್ಲೇ ಆಫ್ ಮಾಡುವ ಅಭ್ಯಾಸ. ಉರಿಯದೆ ಉಳಿದ ಪೆಟ್ರೋಲು ಒಳಗೋಡೆಯ ಆಯಿಲನ್ನು ತೊಳೆದುಬಿಡುತ್ತದೆ, ಮತ್ತೆ ಸ್ಟಾರ್ಟ್ ಮಾಡುವಾಗ ಒತ್ತಡವೇ ಏಳುವುದಿಲ್ಲ. ಪಿಸ್ಟನ್ ಎಂಜಿನ್ ಇಂಥ ನೂರು ಅಪಚಾರಗಳನ್ನು ನುಂಗಿಕೊಂಡು ನಡೆಯುತ್ತದೆ.

ರೋಟರಿಗೆ ಆ ಸಹನೆಯಿಲ್ಲ ಎಂಬುದಕ್ಕೆ ಮಜ್ದಾದ ಆರ್‌ಎಕ್ಸ್-8 ಕಾರು ಒಳ್ಳೆಯ ಉದಾಹರಣೆ. 2003ರಲ್ಲಿ ಬಂದ ಅದರ ರೆನಿಸಿಸ್ ಎಂಜಿನ್ ಆ ವರ್ಷದ ಅಂತರರಾಷ್ಟ್ರೀಯ ಎಂಜಿನ್ ಪ್ರಶಸ್ತಿ ಗೆದ್ದಿತು. ಹೊಗೆ ಹೊರಹೋಗುವ ಕಿಂಡಿಯನ್ನು ಹೌಸಿಂಗಿನ ಸುತ್ತುಗೋಡೆಯಿಂದ ಪಕ್ಕದ ಗೋಡೆಗೆ ಸರಿಸಿದ್ದರಿಂದ ಉರಿಯದ ಇಂಧನ ಹೊರಬೀಳುವುದು ಕಡಿಮೆಯಾಗಿ, ಹೊಗೆಯ ಕಟ್ಟಳೆಗೆ ಅದು ಹೊಂದಿಕೊಂಡಿತು. ಆದರೆ ಒಂದೊಂದು ಹೌಸಿಂಗಿಗೂ ಆಯಿಲ್ ಬಿಡುವ ನಳಿಕೆ ಎರಡೇ ಇದ್ದವು. ಕಿಟ್ಟ ಕಟ್ಟಿ ಸೀಲುಗಳು ಅಂಟಿಕೊಳ್ಳುವುದು, ಒತ್ತಡ ಇಳಿಯುವುದು, ಬಿಸಿಯಾದಾಗ ಸ್ಟಾರ್ಟ್ ಆಗದಿರುವುದು, ಇಗ್ನಿಷನ್ ಕಾಯಿಲ್ ಕೆಟ್ಟು ಕ್ಯಾಟಲಿಟಿಕ್ ಕನ್ವರ್ಟರನ್ನೂ ಕೆಡಿಸುವುದು ಮಾಲೀಕರ ನಿತ್ಯದ ದೂರಾದವು. ಅಮೆರಿಕದಲ್ಲಿ ಕಂಪನಿ ಎಂಜಿನ್ನಿನ ವಾರಂಟಿಯನ್ನು 8 ವರ್ಷ ಅಥವಾ 1,00,000 ಮೈಲಿಗೆ ಹಿಗ್ಗಿಸಬೇಕಾಯಿತು. 2009ರ ಮಾದರಿಯಲ್ಲಿ ಆಯಿಲ್ ನಳಿಕೆಗಳನ್ನು ಮೂರಕ್ಕೆ ಏರಿಸಿತು. ಹೊಗೆಯ ನಿಯಮ ಆಯಿಲ್ ಕಡಿಮೆ ಮಾಡು ಎನ್ನುತ್ತದೆ, ಸೀಲು ಇನ್ನಷ್ಟು ಬೇಕು ಎನ್ನುತ್ತದೆ. ರಸ್ತೆಯ ರೋಟರಿ ಈ ಜಗ್ಗಾಟದಿಂದ ಕೊನೆಗೂ ಪಾರಾಗಲಿಲ್ಲ. 2012ರಲ್ಲಿ ಆರ್‌ಎಕ್ಸ್-8 ನಿಂತಿತು.

ನಿರ್ವಹಣೆಯ ಲೆಕ್ಕವೂ ಇದೇ ದಿಕ್ಕಿನಲ್ಲಿದೆ. ರೋಟರಿಗೆ ವಾಲ್ವ್ ಹೊಂದಿಸುವ, ಟೈಮಿಂಗ್ ಬೆಲ್ಟ್ ಬದಲಿಸುವ ಖರ್ಚಿಲ್ಲ. ಬದಲಿಗೆ ಆಯಿಲ್ ಮಟ್ಟವನ್ನು ಪದೇ ಪದೇ ನೋಡಬೇಕು, ಪ್ಲಗ್ಗುಗಳನ್ನು ಬೇಗ ಬದಲಿಸಬೇಕು, ಎಂಜಿನ್ ತಂಪು ಮಾಡುವ ನೀರು ಅತಿಯಾಗಿ ಕಾಯದಂತೆ ಎಚ್ಚರ ವಹಿಸಬೇಕು. ಒಂದು ಸಲ ಎಂಜಿನ್ ಅತಿಯಾಗಿ ಕಾದರೆ ನೀರು ತಡೆಯುವ ರಬ್ಬರ್ ಬಳೆಗಳು ಸೋತು, ಇಡೀ ಎಂಜಿನ್ ಬಿಚ್ಚಿಸುವುದು ಬಿಟ್ಟು ಬೇರೆ ದಾರಿಯಿಲ್ಲ. ಪಂಪಿನ ಮೇಲೆ ನಂಬಿಕೆ ಸಾಲದ ಮಾಲೀಕರು ಪೆಟ್ರೋಲಿಗೇ ಟೂ-ಸ್ಟ್ರೋಕ್ ಆಯಿಲ್ ಬೆರೆಸುತ್ತಾರೆ, ಮೈಸೂರಿನ ಯೆಜ್ಡಿ ಬೈಕುಗಳಿಗೆ ಬಂಕಿನಲ್ಲಿ ಬೆರೆಸುತ್ತಿದ್ದ ಹಾಗೆಯೇ. ಒತ್ತಡ ಅಳೆಯಲು ಮಾಮೂಲಿ ಗೇಜ್ ಸಾಲದು, ರೋಟರಿನ ಮೂರು ಮುಖಗಳಿಗೆ ಮೂರು ಅಂಕಿ ಬೇರೆ ಬೇರೆ ತೋರಿಸುವ ಉಪಕರಣ ಬೇಕು. ಪಿಸ್ಟನ್ ಎಂಜಿನ್ ಸವೆದರೆ ಬೋರ್ ಮಾಡಿಸಿ, ದೊಡ್ಡ ಪಿಸ್ಟನ್ ಹಾಕಿಸಿ ಮತ್ತೆ ಓಡಿಸಬಹುದು; ಈ ಕೆಲಸ ಮಾಡುವ ಲೇತ್ ಅಂಗಡಿ ತಾಲ್ಲೂಕಿಗೊಂದಾದರೂ ಇರುತ್ತದೆ. ಗಟ್ಟಿ ಲೇಪನದ ರೋಟರಿ ಹೌಸಿಂಗನ್ನು ಹಾಗೆ ಕೊರೆದು ಹಿಗ್ಗಿಸಲಾಗದು. ಲೇಪನ ಎದ್ದರೆ ಹೌಸಿಂಗೇ ಹೊಸದಾಗಬೇಕು. ಕೈ ಪಳಗಿದವನಿಗೆ ರೋಟರಿ ಬಿಚ್ಚಿ ಜೋಡಿಸುವುದು ಸುಲಭ ಎಂಬ ಮಾತು ನಿಜ. ಆ ಕೈ ಊರಲ್ಲಿ ಒಂದೂ ಇಲ್ಲದಿದ್ದರೆ ಸುಲಭವಿದ್ದು ಏನು ಪ್ರಯೋಜನ?

ರೋಟರಿ ಪ್ರಿಯರ ಒಂದು ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಪಿಸ್ಟನ್ ಎಂಜಿನ್ನಿನ ಬೆನ್ನಿಗೆ ನೂರು ವರ್ಷಕ್ಕೂ ಮಿಕ್ಕಿ ಇಡೀ ಉದ್ಯಮ ನಿಂತಿತ್ತು, ರೋಟರಿಗೆ ಕೊನೆಗೆ ಉಳಿದದ್ದು ಒಂದು ಮಧ್ಯಮ ಗಾತ್ರದ ಕಂಪನಿ, ಹೀಗಿರುವಾಗ ಹೋಲಿಕೆ ಅನ್ಯಾಯ ಎನ್ನುತ್ತಾರೆ ಅವರು. ಜನರಲ್ ಮೋಟರ್ಸ್ 1970ರಲ್ಲಿ 5 ಕೋಟಿ ಡಾಲರಿನ ಪರವಾನಗಿ ಒಪ್ಪಂದ ಮಾಡಿಕೊಂಡು 1974ರಲ್ಲಿ ಯೋಜನೆಯನ್ನು ಬದಿಗಿಟ್ಟಿತು. ಸಿಟ್ರೊಯೆನ್ 1973ರಲ್ಲಿ ತಂದ ಜಿಎಸ್ ಬಿರೊಟರ್ 847 ಕಾರಿಗೇ ಮುಗಿಯಿತು. ಬಿಡಿಭಾಗ ಪೂರೈಸುವ ಹೊಣೆಯೇ ಬೇಡವೆಂದು ಕಂಪನಿ ಆದಷ್ಟೂ ಕಾರುಗಳನ್ನು ಮರಳಿ ಕೊಂಡು ಗುಜರಿಗೆ ಹಾಕಿತು. ಇವರೆಲ್ಲ ಹಿಂದೆ ಸರಿದದ್ದಕ್ಕೆ 1973ರ ತೈಲ ಬಿಕ್ಕಟ್ಟು ದೊಡ್ಡ ಕಾರಣ, ಬಾಳಿಕೆಯ ದೋಷವೊಂದೇ ಅಲ್ಲ. ಇದನ್ನೆಲ್ಲ ಒಪ್ಪೋಣ. ಆದರೂ ಹಣದಿಂದ ಸೀಲಿನ ಲೋಹ ಸುಧಾರಿಸಬಹುದು, ಗೂಡಿನ ಜ್ಯಾಮಿತಿ ಬದಲಾಗದು. ಉದ್ದನೆಯ, ಚಪ್ಪಟೆಯಾದ ದಹನದ ಕೋಣೆ ಶಾಖವನ್ನು ಗೋಡೆಗಳಿಗೆ ಸೋರಿಸುತ್ತಲೇ ಇರುತ್ತದೆ, ಮೂಲೆಯ ಇಂಧನ ಉರಿಯದೆ ಉಳಿಯುತ್ತಲೇ ಇರುತ್ತದೆ. ಮಜ್ದಾ ಐವತ್ತು ವರ್ಷ ದುಡಿದ ಮೇಲೂ ಈ ಎರಡು ಮಾತು ಸುಳ್ಳಾಗಿಲ್ಲ.

ರಸ್ತೆಯಲ್ಲಿ ಸೋತ ಎಂಜಿನ್ ಆಕಾಶದಲ್ಲಿ ಕೆಲಸ ಹುಡುಕಿಕೊಂಡಿತು. ಕೆಡುವ ರೀತಿಯಲ್ಲೇ ಅಲ್ಲಿ ಒಂದು ಅನುಕೂಲವಿದೆ. ಪಿಸ್ಟನ್ ಎಂಜಿನ್ನಿನ ಕನೆಕ್ಟಿಂಗ್ ರಾಡ್ ಮುರಿದರೆ ಎಲ್ಲವೂ ಆ ಕ್ಷಣಕ್ಕೇ ನಿಲ್ಲುತ್ತದೆ; ರೋಟರಿಯ ಸೀಲ್ ಸವೆದರೆ ಶಕ್ತಿ ಕುಂದುತ್ತದೆ, ತಿರುಗುವುದು ನಿಲ್ಲುವುದಿಲ್ಲ. ಅಕಾಲದಲ್ಲಿ ಸಿಡಿಯುವ ಇಂಧನ ಸೀಲನ್ನೇ ಮುರಿದರೆ ಮಾತು ಬೇರೆ, ಆದರೂ ಹಗುರ ಮೈ, ಕಡಿಮೆ ಕಂಪನ ಎರಡೂ ಸೇರಿ ಸಣ್ಣ ಚಾಲಕರಹಿತ ವಿಮಾನಗಳಿಗೆ ಅದು ಹೇಳಿ ಮಾಡಿಸಿದಂತಾಯಿತು. ಬ್ರಿಟನ್ನಿನಲ್ಲಿ ಬಿಎಸ್‌ಎ, ನಾರ್ಟನ್ ಕಂಪನಿಗಳ ಮೋಟರ್‌ಸೈಕಲ್ ರೋಟರಿಯಿಂದ ಬೆಳೆದ ಕವಲು ಇಂಥ ವಿಮಾನಗಳ ಎಂಜಿನ್ ಆಯಿತು. ಬೆಂಗಳೂರಿನ ರಕ್ಷಣಾ ಸಂಶೋಧನಾ ಸಂಸ್ಥೆ ಎಡಿಇ ರೂಪಿಸಿದ ಚಾಲಕರಹಿತ ವಿಮಾನ ನಿಶಾಂತ್ ಹಾರುತ್ತಿದ್ದುದೂ ಆಮದು ರೋಟರಿಯಲ್ಲೇ. ಅದರ ಬದಲಿಗೆ 55 ಅಶ್ವಶಕ್ತಿಯ, ಸುಮಾರು 30 ಕಿಲೋ ತೂಕದ ದೇಶೀ ವಾಂಕೆಲ್ ಎಂಜಿನ್ನನ್ನು ಅಹ್ಮದ್‌ನಗರದ ವಿಆರ್‌ಡಿಇ, ಬೆಂಗಳೂರಿನ ಎನ್‌ಎಎಲ್ ಮತ್ತು ಎಡಿಇ ಸೇರಿ ಸಿದ್ಧಪಡಿಸಿದವು. 2009ರ ಏಪ್ರಿಲ್ 5ರಂದು ಕೋಲಾರದ ಹಳೆಯ ಯುದ್ಧಕಾಲದ ರನ್‌ವೇಯಿಂದ ಆ ಎಂಜಿನ್ನಿನೊಂದಿಗೆ ನಿಶಾಂತ್ ಮೊದಲ ಬಾರಿ ಹಾರಿತು. ಎನ್‌ಎಎಲ್ ಹೆಚ್ಚು ಬೆವರು ಹರಿಸಿದ್ದು ಎಂಜಿನ್ನಿನ ತಿರುಳು ಭಾಗಕ್ಕೆ, ಅದರಲ್ಲೂ ಹೌಸಿಂಗಿನ ಒಳಮೈಗೆ ಬಳಿಯುವ ನಿಕಲ್ ಮತ್ತು ಸಿಲಿಕಾನ್ ಕಾರ್ಬೈಡಿನ ಲೇಪನಕ್ಕೆ. ಹಿರೋಶಿಮಾದ ಎಂಜಿನಿಯರುಗಳು ಹೆಣಗಿದ್ದೂ ಇದೇ ಒಳಗೋಡೆಯ ಜೊತೆ.

ಈಗ ರಸ್ತೆಗೂ ರೋಟರಿ ಮರಳಿದೆ, ಆದರೆ ಚಕ್ರ ತಿರುಗಿಸಲು ಅಲ್ಲ. 2023ರಲ್ಲಿ ಬಂದ ಮಜ್ದಾ ಎಂಎಕ್ಸ್-30 ಆರ್-ಇವಿಯಲ್ಲಿ 830 ಸಿಸಿಯ ಒಂದೇ ರೋಟರಿನ 8ಸಿ ಎಂಜಿನ್ ಜನರೇಟರನ್ನು ಮಾತ್ರ ಓಡಿಸುತ್ತದೆ. ಕಾರನ್ನು ಎಳೆಯುವುದು ವಿದ್ಯುತ್ ಮೋಟರ್. ಎಂಜಿನ್ ಯಾವಾಗ ಏಳಬೇಕು, ಎಷ್ಟು ಹೊತ್ತು ಯಾವ ವೇಗದಲ್ಲಿ ಓಡಬೇಕು ಎಂಬುದನ್ನು ಬಹುಮಟ್ಟಿಗೆ ಕಂಪ್ಯೂಟರೇ ನಿರ್ಧರಿಸುವುದರಿಂದ ಗೇಟಿನಾಚೆ ಇಟ್ಟು ಆಫ್ ಮಾಡುವ ಚಾಲಕನ ಕೈಗೆ ಅದು ನೇರವಾಗಿ ಸಿಗುವುದಿಲ್ಲ. ಅಪೆಕ್ಸ್ ಸೀಲಿನ ದಪ್ಪ 2 ಮಿ.ಮೀ.ನಿಂದ 2.5 ಮಿ.ಮೀ.ಗೆ ಏರಿದೆ, ಪೆಟ್ರೋಲ್ ನೇರವಾಗಿ ಕೋಣೆಯೊಳಗೇ ಸಿಂಪಡಣೆಯಾಗುತ್ತದೆ. ಅಮೆರಿಕದ ಲಿಕ್ವಿಡ್‌ಪಿಸ್ಟನ್ ಕಂಪನಿ ಇನ್ನೂ ಒಂದು ಹೆಜ್ಜೆ ಹೋಗಿ ಸೀಲುಗಳನ್ನು ರೋಟರಿನಿಂದ ಕಿತ್ತು ನಿಂತ ಹೌಸಿಂಗಿನಲ್ಲೇ ಕೂರಿಸಿದೆ. ಸೀಲು ಅಲುಗಾಡದಿದ್ದರೆ ಅದರ ಬುಡಕ್ಕೇ ಆಯಿಲ್ ಮುಟ್ಟಿಸಬಹುದು ಎಂಬುದು ಅವರ ಲೆಕ್ಕ. ಈ ಎರಡು ದಾರಿಗಳಲ್ಲಿ ಮಜ್ದಾದ್ದು ಸದ್ಯಕ್ಕೆ ಹೆಚ್ಚು ನಂಬಬಹುದಾದ್ದು, ಏಕೆಂದರೆ ಅದು ಎಂಜಿನ್ನಿನ ಜ್ಯಾಮಿತಿಯ ಜೊತೆ ಜಗಳಕ್ಕೆ ಹೋಗದೆ ಅದರ ದಿನಚರಿಯನ್ನು ಬದಲಿಸಿದೆ. 8ಸಿ ಎಂಜಿನ್ನುಗಳು ಲಕ್ಷ ಕಿಲೋಮೀಟರ್ ದಾಟಿದ ಮೇಲೆ ಬಿಚ್ಚಿ ನೋಡುವವರು ಮೊದಲು ಅಳೆಯುವುದು ಆ 2.5 ಮಿ.ಮೀ.ನಲ್ಲಿ ಎಷ್ಟು ಉಳಿದಿದೆ ಎಂಬುದನ್ನೇ.