ಶ್ರಾವಕನ ಲೆಕ್ಕಪತ್ರ

ಗೃಹಸ್ಥನಾದ ಶ್ರಾವಕನಿಗೆ ವಿಧಿಸಿದ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ಮುನಿಗಳಿಗೆ ಸರ್ವಸಂಗ ಪರಿತ್ಯಾಗವನ್ನು ಹೇಳಿದ ಶಾಸ್ತ್ರವು ಗೃಹಸ್ಥನಿಗೆ ಹೇಳಿದ್ದು ಮಿತಿಯನ್ನು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಈ ವ್ರತದ ಅತಿಚಾರಗಳನ್ನು ಹೇಳುವಾಗ ಹೊಲ, ಮನೆ, ಹಣ, ಬಂಗಾರ, ಗೋಧನ, ಧಾನ್ಯ ಮುಂತಾದವನ್ನು ಒಂದೊಂದಾಗಿ ಹೆಸರಿಸಿದ್ದಾರೆ. ‘ಸಂಪತ್ತು’ ಎಂಬ ಒಂದೇ ಮಾತಿನಲ್ಲಿ ಮುಗಿಸಿಲ್ಲ. ಏಕೆಂದರೆ ಮಿತಿಯನ್ನು ಹಾಕಿಕೊಳ್ಳುವವನು ಮೊದಲು ಎಣಿಸಬೇಕು. ‘ಇಷ್ಟಿದೆ’ ಎಂದು ಅರಿಯದವನು ‘ಇಷ್ಟು ಸಾಕು’ ಎಂದು ಹೇಳಲಾರ.

ಈ ಎಣಿಕೆಯನ್ನು ಅನೇಕ ಮನೆಗಳಲ್ಲಿ ಯಜಮಾನನೊಬ್ಬನೇ ತನ್ನ ನೆನಪಿನಲ್ಲಿ ಇಟ್ಟುಕೊಂಡಿರುವುದು ವಾಡಿಕೆ. ಆತನಿಗೆ ಹಠಾತ್ತಾಗಿ ಕಾಯಿಲೆಯೋ ಮರಣವೋ ಒದಗಿದಾಗ ನೆನಪಿನ ಜೊತೆಗೆ ಲೆಕ್ಕವೂ ಹೋಗುತ್ತದೆ. ಪೂರ್ವಜರು ಇದನ್ನು ಹೇಗೆ ಕಂಡಿದ್ದರು ಎಂಬುದನ್ನು ಅರಿಯಲು ಇತಿಹಾಸದಲ್ಲಿ ಸಾಕಷ್ಟು ಆಧಾರಗಳಿವೆ. ಹದಿನೇಳನೆಯ ಶತಮಾನದ ಎರಡು ಬರಹಗಳಂತೂ ವಿಶೇಷವಾಗಿ ಮನನಯೋಗ್ಯವಾಗಿವೆ. ಒಂದು ಶ್ರವಣಬೆಳಗೊಳದ ಶಿಲಾಶಾಸನ, ಇನ್ನೊಂದು ಆಗ್ರಾದ ಜೈನ ವರ್ತಕನೊಬ್ಬನ ಆತ್ಮಕಥೆ.

ಕಡತವೆಂಬ ಲೆಕ್ಕದ ಪುಸ್ತಕ

ಕಾಗದವು ಸುಲಭವಾಗಿ ದೊರೆಯದ ಕಾಲದಲ್ಲಿ ಕನ್ನಡ ನಾಡಿನ ವರ್ತಕರು ಕಡತಗಳಲ್ಲಿ ಲೆಕ್ಕ ಬರೆಯುತ್ತಿದ್ದರು. ಉದ್ದನೆಯ ಬಟ್ಟೆಯ ಎರಡೂ ಮುಖಗಳಿಗೆ ಅಂಟು ಮತ್ತು ಇದ್ದಿಲ ಪುಡಿಯ ಲೇಪವನ್ನು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದರೆ ಕಡತ ಸಿದ್ಧವಾಗುತ್ತಿತ್ತು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಇತಿಹಾಸ ಗ್ರಂಥದಲ್ಲಿ ಇದನ್ನು ವರ್ಣಿಸಿದ್ದಾನೆ. ಇಂದು ಕಚೇರಿಯ ದಾಖಲೆಗಳ ಕಟ್ಟಿಗೆ ಬಳಸುವ ‘ಕಡತ’ ಎಂಬ ಪದವು ಇದೇ ಮೂಲದ್ದು.

ಕಡತದ ಬರಹವನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ದಿನದಿನದ ವ್ಯವಹಾರಕ್ಕೆ ಅದು ಅನುಕೂಲವಾಗಿತ್ತು. ಆದರೆ ತಲೆಮಾರುಗಳವರೆಗೆ ಉಳಿಯಬೇಕಾದ ವಿಷಯಗಳನ್ನು ಕಲ್ಲಿನಲ್ಲಿ ಅಥವಾ ತಾಮ್ರದಲ್ಲಿ ಬರೆಸುತ್ತಿದ್ದರು. ಯಾವ ಲೆಕ್ಕ ಇಂದಿಗೆ, ಯಾವುದು ಮುಂದಿನವರಿಗೆ ಎಂಬ ವಿವೇಕ ಅವರಲ್ಲಿತ್ತು.

ಬೆಳಗೊಳದ ಅಡವು

ಶಾಲಿವಾಹನ ಶಕ 1556, ಅಂದರೆ ಕ್ರಿ.ಶ. 1634ರ ಶ್ರವಣಬೆಳಗೊಳದ ಶಾಸನವು ಅಂತಹ ಒಂದು ಲೆಕ್ಕವನ್ನು ಉಳಿಸಿದೆ. ದೇವರ ಸೇವೆಗಾಗಿ ದಾನಿಗಳು ಬಿಟ್ಟಿದ್ದ ಭೂಮಿಯನ್ನು ಅಲ್ಲಿಯ ಸ್ಥಾನಿಕರು ಕಷ್ಟಕಾಲದಲ್ಲಿ ವರ್ತಕರಿಗೆ ಅಡವಿಟ್ಟಿದ್ದರು. ಸಾಲ ತೀರಲಿಲ್ಲ. ಅಡವು ಹಿಡಿದವರು ಬಹುಕಾಲ ಆ ಭೂಮಿಯ ಫಲವನ್ನು ಅನುಭವಿಸುತ್ತ ಬಂದರು. ಬಸದಿಯ ಸೇವೆಗೆ ಧಕ್ಕೆ ಬಂದಿತು.

ವಿಷಯವು ಮೈಸೂರಿನ ಚಾಮರಾಜ ಒಡೆಯರ ಕಿವಿಗೆ ಬಿದ್ದಿತು. ಅವರು ಅಡವು ಹಿಡಿದವರನ್ನು ಕರೆಸಿ, ಸಾಲವನ್ನು ತಾವೇ ತೀರಿಸುವುದಾಗಿ ತಿಳಿಸಿದರು. ಆಗ ಆ ವರ್ತಕರು ಅರಸರಿಂದ ಹಣವನ್ನು ಪಡೆಯಲಿಲ್ಲ. ತಮ್ಮ ತಂದೆತಾಯಿಗಳಿಗೆ ಪುಣ್ಯವಾಗಲೆಂದು ಅಡವನ್ನೇ ಧಾರೆಯೆರೆದು ಬಿಟ್ಟುಕೊಟ್ಟರು. ಇನ್ನು ಮುಂದೆ ದೇವರ ಭೂಮಿಯನ್ನು ಅಡವಿಡುವವರೂ ಅದರ ಮೇಲೆ ಸಾಲ ಕೊಡುವವರೂ ಧರ್ಮಕ್ಕೆ ಹೊರಗಾದವರೆಂದು ಕಟ್ಟುಪಾಡು ಮಾಡಿ, ಎಲ್ಲವನ್ನೂ ಕಲ್ಲಿನಲ್ಲಿ ಕೆತ್ತಿಸಲಾಯಿತು.

ಇದರಲ್ಲಿ ಅರಸರ ಧರ್ಮಬುದ್ಧಿಯೂ ವರ್ತಕರ ಔದಾರ್ಯವೂ ಎದ್ದು ಕಾಣುತ್ತವೆ. ಅವುಗಳ ಹಿಂದೆ ಇನ್ನೊಂದು ಸಂಗತಿಯಿದೆ. ಸಾಲ ಯಾರದು, ಅಡವು ಯಾರಲ್ಲಿದೆ ಎಂಬುದು ತಿಳಿದಿದ್ದುದರಿಂದಲೇ ಅವರನ್ನು ಕರೆಸುವುದು ಸಾಧ್ಯವಾಯಿತು. ಲೆಕ್ಕವೇ ಅಳಿಸಿಹೋಗಿದ್ದರೆ ತೀರಿಸುವ ಮನಸ್ಸಿದ್ದವರಿಗೆ ತೀರಿಸುವ ದಾರಿ ಇರುತ್ತಿರಲಿಲ್ಲ, ಬಿಟ್ಟುಕೊಡುವ ಮನಸ್ಸಿದ್ದವರಿಗೆ ಬಿಟ್ಟುಕೊಡಲು ಏನೂ ಇರುತ್ತಿರಲಿಲ್ಲ. ದಾನಕ್ಕೂ ಲೆಕ್ಕವೇ ಆಧಾರ. ಮೇಲಾಗಿ, ಬಿಡುಗಡೆಯಾದ ಸಾಲದ ಮಾತನ್ನೂ ಅವರು ಬರೆಸಿದರು. ಕೊಟ್ಟದ್ದನ್ನು ಬರೆದು, ತೀರಿದ್ದನ್ನು ಬರೆಯದೆ ಬಿಡುವ ಮನೆಗಳಲ್ಲಿಯೇ ಮಕ್ಕಳ ಕಾಲಕ್ಕೆ ವ್ಯಾಜ್ಯ ಹುಟ್ಟುತ್ತದೆ.

ಬನಾರಸೀದಾಸನ ಕಥೆ

ಈ ಶಾಸನವಾಗಿ ಏಳು ವರ್ಷಗಳ ನಂತರ, 1641ರಲ್ಲಿ, ಆಗ್ರಾದಲ್ಲಿ ಬನಾರಸೀದಾಸನು ‘ಅರ್ಧಕಥಾನಕ’ವನ್ನು ರಚಿಸಿದನು. ‘ಸಮಯಸಾರ ನಾಟಕ’ದ ಕರ್ತೃವಾದ ಈತ ಶ್ರೀಮಾಲ ಕುಲದ ಜೈನ ವರ್ತಕ. ಮನುಷ್ಯನ ಪೂರ್ಣಾಯುಷ್ಯ ನೂರಹತ್ತು ವರ್ಷವೆಂದು ಎಣಿಸಿ, ತನ್ನ ಐವತ್ತೈದು ವರ್ಷಗಳ ಬದುಕಿನ ಲಾಭನಷ್ಟಗಳನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ.

ಆತನ ಅಜ್ಜ ಮೂಲದಾಸನು ನರವರದಲ್ಲಿ ಮೊಗಲ್ ಅಧಿಕಾರಿಯೊಬ್ಬನ ಮೋದಿಯಾಗಿದ್ದ. ಮೂಲದಾಸನು ತೀರಿಕೊಂಡಾಗ ಮಗ ಖರಗಸೇನ ಇನ್ನೂ ಬಾಲಕ. ಅಧಿಕಾರಿಯು ಮನೆಯನ್ನೂ ಹಣವನ್ನೂ ವಶಪಡಿಸಿಕೊಂಡನು. ವಿಧವೆಯಾದ ತಾಯಿ ಮಗುವನ್ನು ಕರೆದುಕೊಂಡು ಜೌನಪುರದ ತವರಿಗೆ ಹೋಗಬೇಕಾಯಿತು. ಲೆಕ್ಕದ ಪಟ್ಟಿಯಿದ್ದರೆ ಆ ಅಧಿಕಾರಿಯ ಕೈ ತಡೆಯುತ್ತಿತ್ತೆಂದು ಹೇಳಲಾಗದು. ದುಡಿಯುವವನು ಇಲ್ಲವಾದ ದಿನವೇ ಒಂದು ಕುಟುಂಬದ ಸ್ಥಿತಿ ಹೇಗೆ ಮಗುಚುತ್ತದೆ ಎಂಬುದಕ್ಕಂತೂ ಇದು ನಿದರ್ಶನ.

1605ರಲ್ಲಿ ಅಕ್ಬರ್ ಚಕ್ರವರ್ತಿಯ ಮರಣದ ಸುದ್ದಿ ಜೌನಪುರವನ್ನು ಮುಟ್ಟಿದಾಗ ಅಂಗಡಿಗಳು ಮುಚ್ಚಿದವು. ಜನರು ಒಳ್ಳೆಯ ವಸ್ತ್ರಾಭರಣಗಳನ್ನು ನೆಲದಲ್ಲಿ ಹೂತಿಟ್ಟು ಒರಟು ಬಟ್ಟೆ ತೊಟ್ಟರು. ಜಹಾಂಗೀರನು ಪಟ್ಟಕ್ಕೆ ಬಂದ ವಾರ್ತೆ ತಲುಪಿದ ಮೇಲೆಯೇ ಊರು ಶಾಂತವಾಯಿತು. ಆಪತ್ತಿನ ಗಳಿಗೆಯಲ್ಲಿ ಮನುಷ್ಯನಿಗೆ ಮೊದಲು ತೋಚುವುದು ಬಚ್ಚಿಡುವುದು. ಆದರೆ ಬಚ್ಚಿಟ್ಟ ಸ್ಥಳವನ್ನು ಒಬ್ಬನೇ ಬಲ್ಲವನಾದರೆ ಆ ಧನವು ಕಳ್ಳನಿಗೆ ಸಿಗದಂತೆ ಮಕ್ಕಳಿಗೂ ಸಿಗುವುದಿಲ್ಲ.

ಪಾಲುಗಾರಿಕೆಯ ಲೆಕ್ಕ ತೀರಿಸಿಕೊಳ್ಳಲು ಬನಾರಸೀದಾಸನು ಆಗ್ರಾದ ಸಾಹುಕಾರ ಸಬಲಸಿಂಹನ ಮನೆಗೆ ದಿನವೂ ಅಲೆದದ್ದು ಇನ್ನೊಂದು ಪ್ರಸಂಗ. ಸಾಹುಕಾರನು ಸಂಗೀತ ವಿನೋದಗಳಲ್ಲಿ ಮುಳುಗಿದ್ದ. ‘ನಾಳೆ’ ಎಂಬುದೇ ಅವನ ಉತ್ತರ. ಕೊನೆಗೆ ಹಿತೈಷಿಯೊಬ್ಬನ ಮಧ್ಯಸ್ಥಿಕೆಯಿಂದ ಲೆಕ್ಕ ತೀರಿ ಫಾರಕತಿ ದೊರೆಯಿತು. ಅದೇ ವರ್ಷಗಳಲ್ಲಿ ಆಗ್ರಾಕ್ಕೆ ಮಹಾಮಾರಿ ಬಡಿದು ಜನರು ಊರುಬಿಟ್ಟು ಓಡಿದರು. ನಾಳೆಗೆ ಉಳಿದ ಲೆಕ್ಕಗಳಲ್ಲಿ ಎಷ್ಟು ತೀರಿದವೋ!

ನ್ಯಾಸಾಪಹಾರವೆಂಬ ದೋಷ

ಸತ್ಯಾಣುವ್ರತದ ಅತಿಚಾರಗಳಲ್ಲಿ ಎರಡು ನೇರವಾಗಿ ಲೆಕ್ಕಪತ್ರಕ್ಕೆ ಸಂಬಂಧಿಸಿವೆ. ಒಂದು ಕೂಟಲೇಖಕ್ರಿಯೆ, ಎಂದರೆ ಸುಳ್ಳು ಪತ್ರ ಬರೆಯುವುದು. ಇನ್ನೊಂದು ನ್ಯಾಸಾಪಹಾರ. ಪೂಜ್ಯಪಾದರ ಸರ್ವಾರ್ಥಸಿದ್ಧಿಯಲ್ಲಿ ಇದರ ಅರ್ಥ ಸೂಕ್ಷ್ಮವಾಗಿದೆ. ಠೇವಣಿಯಿಟ್ಟವನು ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ‘ಹಾಗೆಯೇ ಆಗಲಿ’ ಎಂದು ಒಪ್ಪಿ ಅಷ್ಟನ್ನೇ ಕೊಡುವುದು ನ್ಯಾಸಾಪಹಾರ. ಇಲ್ಲಿ ಕದ್ದದ್ದಿಲ್ಲ, ಕಸಿದದ್ದಿಲ್ಲ. ಇನ್ನೊಬ್ಬನ ಮರೆವಿನ ಲಾಭವನ್ನು ಪಡೆದದ್ದಷ್ಟೇ. ಆದರೂ ಅದು ವ್ರತಕ್ಕೆ ಕಳಂಕ.

ಈಗ ಒಂದು ಮನೆಯನ್ನು ಭಾವಿಸಿಕೊಳ್ಳಬೇಕು. ಯಜಮಾನನ ಬಳಿ ಬಂಧುವೊಬ್ಬಳು ತನ್ನ ಒಡವೆಯನ್ನು ಇಟ್ಟಿದ್ದಾಳೆ, ಬಸದಿಯ ಜೀರ್ಣೋದ್ಧಾರದ ನಿಧಿಯೂ ಆತನ ಕೈಯಲ್ಲಿದೆ. ಯಾವುದನ್ನೂ ಬರೆದಿಟ್ಟಿಲ್ಲ. ಆತ ತೀರಿಕೊಂಡ ಮೇಲೆ ಮಕ್ಕಳು ಅದನ್ನೆಲ್ಲ ತಂದೆಯ ಸೊತ್ತೆಂದೇ ಹಂಚಿಕೊಳ್ಳುತ್ತಾರೆ. ಮಕ್ಕಳಿಗೆ ದುರಾಸೆಯಿಲ್ಲ, ತಂದೆಗೂ ಇರಲಿಲ್ಲ. ಆದರೂ ಪರರ ಸ್ವತ್ತು ಮನೆಯಲ್ಲಿ ಉಳಿಯಿತು. ಪ್ರಾಮಾಣಿಕನಾಗಿ ಬಾಳಿದವನ ಹೆಸರಿಗೆ ಮರಣಾನಂತರ ಅಂಟುವ ಈ ಕಳಂಕವನ್ನು ಒಂದು ಹಾಳೆಯ ಬರಹ ತಪ್ಪಿಸಬಲ್ಲದು. ಆದ್ದರಿಂದ ಪಟ್ಟಿಯಲ್ಲಿ ಮೊದಲು ಬರೆಯಬೇಕಾದುದು ತನ್ನ ಆಸ್ತಿಯನ್ನಲ್ಲ, ತನ್ನಲ್ಲಿರುವ ಪರರ ಸ್ವತ್ತನ್ನು. ಎರಡನೆಯದು ತಾನು ಕೊಡಬೇಕಾದ ಸಾಲ. ತನ್ನದು ಮೂರನೆಯದು.

ಒಂದೇ ಪ್ರತಿಯ ಅಪಾಯ

ಬರೆದರೆ ಸಾಲದು, ಬರೆದದ್ದು ಉಳಿಯಬೇಕು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ದಾನಚಿಂತಾಮಣಿ ಅತ್ತಿಮಬ್ಬೆ ಪ್ರಸಿದ್ಧಳಾಗಿದ್ದಾಳೆ. ಇದಕ್ಕೆ ಪ್ರತಿಯಾಗಿ ಧವಲಾದಿ ಸಿದ್ಧಾಂತ ಗ್ರಂಥಗಳ ತಾಳೆಗರಿಗಳು ಶತಮಾನಗಳ ಕಾಲ ಮೂಡುಬಿದಿರೆಯೊಂದರಲ್ಲಿಯೇ ಉಳಿದಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಗಿ, 1939ರಲ್ಲಿ ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಯಿತು. ಮೂಡುಬಿದಿರೆಯವರು ಜೋಪಾನ ಮಾಡಿದ್ದರಿಂದ ಗ್ರಂಥಗಳು ಉಳಿದವು, ಪ್ರತಿಗಳಾದುದರಿಂದ ಲೋಕಕ್ಕೆ ದೊರೆತವು. ಕುಟುಂಬದ ಪತ್ರಗಳಿಗೂ ಟ್ರಸ್ಟಿನ ದಾಖಲೆಗಳಿಗೂ ಜೋಪಾನ ಮತ್ತು ಪ್ರತಿ ಎರಡೂ ಬೇಕು.

ಇಂದಿನ ಕರ್ತವ್ಯ

ಇಂದು ಮನೆಯನ್ನು ವಶಪಡಿಸಿಕೊಳ್ಳುವ ಮೊಗಲ್ ಅಧಿಕಾರಿಯಿಲ್ಲ. ಆದರೂ ಕುಟುಂಬದ ಹಣ ಕುಟುಂಬದ ಕೈಗೆ ಸಿಗದೆ ಉಳಿಯುತ್ತಿದೆ. ಹತ್ತು ವರ್ಷ ಯಾರೂ ಕೇಳದ ಬ್ಯಾಂಕ್ ಠೇವಣಿಗಳು 2014ರಿಂದ ರಿಸರ್ವ್ ಬ್ಯಾಂಕಿನ ಪ್ರತ್ಯೇಕ ನಿಧಿಗೆ ಸೇರುತ್ತಿವೆ. 2024ರ ಮಾರ್ಚ್ ಅಂತ್ಯಕ್ಕೆ ಆ ನಿಧಿಯ ಮೊತ್ತ 78,213 ಕೋಟಿ ರೂಪಾಯಿ. ವಾರಸುದಾರರು ನಂತರವೂ ಅದನ್ನು ಕೇಳಿ ಪಡೆಯಬಹುದು. ಆದರೆ ಖಾತೆ ಇದೆಯೆಂಬುದೇ ತಿಳಿಯದವರು ಕೇಳುವುದು ಹೇಗೆ?

ನಾಮನಿರ್ದೇಶನದ ಬಗೆಗೂ ತಪ್ಪು ತಿಳಿವಳಿಕೆಯಿದೆ. ಜೀವವಿಮೆಯ ಹಣಕ್ಕೆ ನಾಮಿನಿಯಾದವನು ಅದನ್ನು ಪಡೆಯುವ ಅಧಿಕಾರಿಯೇ ಹೊರತು ವಾರಸುದಾರರನ್ನು ಮೀರಿದ ಒಡೆಯನಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 1983ರಲ್ಲಿ ತೀರ್ಪಿತ್ತಿತು. ಷೇರುಗಳ ವಿಷಯದಲ್ಲಿಯೂ 2023ರಲ್ಲಿ ಇದೇ ತತ್ತ್ವವನ್ನು ಎತ್ತಿಹಿಡಿಯಿತು. ಆದುದರಿಂದ ನಾಮನಿರ್ದೇಶನವೂ ಬೇಕು, ಇಬ್ಬರು ಸಾಕ್ಷಿಗಳ ಎದುರಿನ ಉಯಿಲೂ ಬೇಕು.

ಮಹಾವೀರ ಸ್ವಾಮಿಯ ನಿರ್ವಾಣದ ದಿನವಾದ ದೀಪಾವಳಿಯಲ್ಲಿ ಹೊಸ ಲೆಕ್ಕದ ಪುಸ್ತಕವನ್ನು ತೆರೆಯುವುದು ಅನೇಕ ವರ್ತಕ ಮನೆತನಗಳ ಸಂಪ್ರದಾಯ. ಅಂದೇ ಮನೆಯ ಪಟ್ಟಿಯನ್ನೂ ಹೊಸದಾಗಿ ಬರೆಯಬಹುದು. ಪರರ ಠೇವಣಿ, ಸಾಲ, ಬ್ಯಾಂಕ್ ಖಾತೆ, ವಿಮೆ, ಭೂಮಿಯ ಪತ್ರ, ಒಡವೆ, ಸಂಕಲ್ಪಿಸಿದ ದಾನ ಎಂಬ ಕ್ರಮದಲ್ಲಿ, ಯಾವುದರ ಮೂಲಪತ್ರ ಎಲ್ಲಿದೆ ಎಂಬುದನ್ನು ಕಾಣಿಸಬೇಕು. ಗುಪ್ತ ಸಂಖ್ಯೆಗಳನ್ನು ಪಟ್ಟಿಯಲ್ಲಿ ಬರೆಯಬಾರದು. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಬೇರೆ ಸ್ಥಳದಲ್ಲಿ ಇರಬೇಕು. ಪತ್ನಿಗೂ ವಯಸ್ಸಿಗೆ ಬಂದ ಗಂಡು ಹೆಣ್ಣು ಮಕ್ಕಳಿಗೂ ಅದನ್ನು ಓದಿ ಹೇಳಬೇಕು. ಬಸದಿಯ ಟ್ರಸ್ಟುಗಳು ಟ್ರಸ್ಟ್ ಪತ್ರ, ದತ್ತಿಭೂಮಿಯ ದಾಖಲೆ ಮತ್ತು ಆಭರಣಗಳ ಪಟ್ಟಿಯನ್ನು ಒಬ್ಬರ ಬೀಗದಲ್ಲಿ ಇಡದೆ, ವರ್ಷಕ್ಕೊಮ್ಮೆ ಸಭೆಯ ಮುಂದೆ ತಾಳೆ ನೋಡುವುದು ಉಚಿತ.

ಸಲ್ಲೇಖನವನ್ನು ಕೈಗೊಳ್ಳುವವನು ಸ್ನೇಹ, ವೈರ, ಪರಿಗ್ರಹಗಳನ್ನು ತೊರೆದು ಸ್ವಜನ ಪರಿಜನರ ಕ್ಷಮೆಯನ್ನು ಕೇಳಬೇಕೆಂದು ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿದ್ದಾರೆ. ಅಂತಹ ಸಾವಧಾನದ ಅಂತ್ಯ ಎಲ್ಲರಿಗೂ ದೊರೆಯುವುದಿಲ್ಲ. ಪರರ ಋಣವನ್ನು ಮುಂಚೆಯೇ ಬರೆದಿಟ್ಟವನಿಗೆ, ಮರಣವು ಹೇಳದೆ ಬಂದರೂ, ಬಿಡಬೇಕಾದುದನ್ನು ಬಿಡುವ ಕೆಲಸದಲ್ಲಿ ಅರ್ಧ ಮುಗಿದಿರುತ್ತದೆ. ಉಳಿದ ಅರ್ಧವನ್ನು ಅವನ ಮಕ್ಕಳು ಆ ಪಟ್ಟಿಯನ್ನು ನೋಡಿ ತೀರಿಸಬಲ್ಲರು.