ಊಟದ ತಟ್ಟೆಯ ಲೆಕ್ಕ: ಕ್ಯಾಲೊರಿ ಎಣಿಕೆ ನಡೆದು ಬಂದ ದಾರಿ



ತೂಕ ಇಳಿಸುವ ಸಂಕಲ್ಪ ತೊಟ್ಟ ನಮ್ಮಲ್ಲಿ ಅನೇಕರು ಇಂದು ಅಂತರಜಾಲದ ಕ್ಯಾಲೊರಿ ಲೆಕ್ಕವನ್ನು ಪಕ್ಕದಲ್ಲಿರಿಸಿಕೊಂಡೇ ಊಟಕ್ಕೆ ಕೂರುತ್ತೇವೆ. ಎರಡು ಚಪಾತಿ, ಒಂದು ಬಟ್ಟಲು ಹುಳಿ, ಅರ್ಧ ಬಟ್ಟಲು ಮೊಸರು ಎಂದು ಬರೆದೊಡನೆ ಒಂದು ಅಂಕಿ ಎದುರಿಗೆ ನಿಲ್ಲುತ್ತದೆ. ಆ ಅಂಕಿ ಎಲ್ಲಿಂದ ಬಂತೆಂದು ವೈದ್ಯರಾದ ನಾವೂ ಬಹುಕಾಲ ವಿಚಾರಿಸಿರಲಿಲ್ಲ. ದಿನಕ್ಕೆ ಇಷ್ಟು ಎಂದು ಚೀಟಿ ಬರೆದುಕೊಡುತ್ತಿದ್ದೆವು; ತೂಕ ಇಳಿಯದಿದ್ದರೆ ರೋಗಿ ಸುಳ್ಳು ಹೇಳುತ್ತಿರಬೇಕೆಂದು ಮನಸ್ಸಿನಲ್ಲೇ ತೀರ್ಪು ಕೊಡುತ್ತಿದ್ದೆವು. ಆ ತೀರ್ಪಿನ ನ್ಯಾಯಾನ್ಯಾಯಗಳನ್ನು ಅರಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1780ರ ದಶಕದ ಆರಂಭದಲ್ಲಿ ಫ್ರಾನ್ಸಿನ ಲವಾಸಿಯೆ ಮತ್ತು ಲಾಪ್ಲಾಸ್ ಎಂಬ ವಿಜ್ಞಾನಿಗಳು ಗಿನಿ ಇಲಿಯೊಂದನ್ನು ಹಿಮ ಸುತ್ತುವರಿದ ಪಾತ್ರೆಯಲ್ಲಿರಿಸಿ, ಅದರ ಮೈಶಾಖಕ್ಕೆ ಎಷ್ಟು ಹಿಮ ಕರಗಿತೆಂದು ಅಳೆದರು. ಉಸಿರಾಟವೆಂಬುದು ನಿಧಾನವಾದ ದಹನವೇ ಎಂದು ಸಾರಿದರು. ಜಠರಾಗ್ನಿಯ ಮಾತು ಕೇಳಿ ಬೆಳೆದ ನಮಗೆ ಇದರಲ್ಲಿ ಅಚ್ಚರಿಯಿಲ್ಲ. ಆದರೆ ಆ ಅಗ್ನಿಯನ್ನು ಅಳೆಯಬಹುದೆಂಬುದು ಹೊಸ ವಿಚಾರ. ಲವಾಸಿಯೆಯ ಕೆಲಸ 1794ರಲ್ಲಿ ಗಿಲೊಟಿನ್ನಿನ ಕೆಳಗೆ ಮುಗಿಯಿತು.

ಇಂದಿನ ಲೆಕ್ಕದ ನಿಜವಾದ ಪಿತಾಮಹ ವಿಲ್ಬರ್ ಅಟ್ವಾಟರ್. ಜರ್ಮನಿಯಲ್ಲಿ ಅಧ್ಯಯನ ಮಾಡಿ ಬಂದ ಈತ, ಕನೆಕ್ಟಿಕಟ್ ರಾಜ್ಯದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ, ಭೌತವಿಜ್ಞಾನಿ ಎಡ್ವರ್ಡ್ ರೋಸಾ ಅವರೊಡಗೂಡಿ 1890ರ ದಶಕದಲ್ಲಿ ಮನುಷ್ಯನೇ ವಾಸಿಸಬಹುದಾದ ಮುಚ್ಚಿದ ಕೋಣೆಯೊಂದನ್ನು ಕಟ್ಟಿದ. ಒಬ್ಬಾತ ಅದರೊಳಗೆ ದಿನಗಟ್ಟಲೆ ಇರುತ್ತಿದ್ದ. ಉಣ್ಣುತ್ತಿದ್ದ, ನಿದ್ರಿಸುತ್ತಿದ್ದ, ಕೆಲವೊಮ್ಮೆ ಸೈಕಲ್ಲನ್ನೂ ತುಳಿಯುತ್ತಿದ್ದ. ಕಿಂಡಿಯಿಂದ ಒಳಹೋದ ಅನ್ನವನ್ನೂ, ಹೊರಬಂದ ಮಲಮೂತ್ರವನ್ನೂ ತೂಗಿ ಪರೀಕ್ಷಿಸಲಾಗುತ್ತಿತ್ತು. ಕೊಳವೆಗಳಲ್ಲಿ ಹರಿಯುವ ನೀರು ಅವನ ಮೈಶಾಖವನ್ನು ಹೊತ್ತೊಯ್ಯುತ್ತಿತ್ತು. ಪಿಷ್ಟಕ್ಕೂ ಸಸಾರಜನಕಕ್ಕೂ ಗ್ರಾಮಿಗೆ 4, ಕೊಬ್ಬಿಗೆ 9 ಎಂದು ನಾವು ವೈದ್ಯ ವಿದ್ಯಾರ್ಥಿಗಳಾಗಿ ಕಂಠಪಾಠ ಮಾಡಿದ ಸೂತ್ರ ಈತನ ಪರಿಶ್ರಮದ ಫಲ. ಮದ್ಯವೂ ದೇಹಕ್ಕೆ ಶಕ್ತಿ ಕೊಡುತ್ತದೆಂದು ಈತನ ಪ್ರಯೋಗಗಳು ತೋರಿಸಿದಾಗ ಪಾನವಿರೋಧಿಗಳು ಸಿಡಿದೆದ್ದರು. ಮದ್ಯದ ವ್ಯಾಪಾರಿಗಳು ಅದನ್ನೇ ಜಾಹೀರಾತು ಮಾಡಿಕೊಂಡರು. ವಿಜ್ಞಾನಿಯ ಪಾಡು!

ಅಟ್ವಾಟರನ ಗುರಿ ಬೊಜ್ಜು ಕರಗಿಸುವುದಾಗಿರಲಿಲ್ಲವೆಂಬುದು ಗಮನಾರ್ಹ. ಕೂಲಿಕಾರನು ಕಡಿಮೆ ಹಣದಲ್ಲಿ ಹೆಚ್ಚು ಪೋಷಣೆ ಪಡೆಯುವುದು ಹೇಗೆ ಎಂಬುದೇ ಆತನ ಚಿಂತೆ. ಜೀವಸತ್ವಗಳ ಅರಿವು ಇನ್ನೂ ಮೂಡದಿದ್ದ ಆ ಕಾಲದಲ್ಲಿ ಸೊಪ್ಪು, ಹಣ್ಣುಗಳು ಆತನಿಗೆ ದುಬಾರಿಯ ವಸ್ತುಗಳಾಗಿ ಕಂಡವು. ಉಳಿಸುವ ಲೆಕ್ಕವನ್ನು ಇಳಿಸುವ ಲೆಕ್ಕವನ್ನಾಗಿ ಮನೆಮನೆಗೆ ಒಯ್ದವರು ಕ್ಯಾಲಿಫೋರ್ನಿಯದ ವೈದ್ಯೆ ಲುಲು ಹಂಟ್ ಪೀಟರ್ಸ್. 1918ರಲ್ಲಿ ಪ್ರಕಟವಾದ ಅವರ ಪುಸ್ತಕ ಓದುಗರಿಗೆ ಆಹಾರವನ್ನು ತುಂಡುಗಳಲ್ಲಲ್ಲ, ಕ್ಯಾಲೊರಿಗಳಲ್ಲಿ ಯೋಚಿಸಲು ಹೇಳಿಕೊಟ್ಟಿತು.

ನಮ್ಮ ಅನ್ನದ ಲೆಕ್ಕ ಆರಂಭವಾದದ್ದು ನೀಲಗಿರಿಯ ಕೂನೂರಿನಲ್ಲಿ. ಅಲ್ಲಿ 1918ರಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಬೆರಿಬೆರಿ ರೋಗದ ವಿಚಾರಣೆಗೆಂದು ತೆರೆದ ಚಿಕ್ಕ ಘಟಕವೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಹೋಗಿ, ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು. ಕೂನೂರಿನ ನಿರ್ದೇಶಕರಾಗಿದ್ದ ವ್ಯಾಲೇಸ್ ಅಯ್ಕ್ರಾಯ್ಡ್ 1937ರಲ್ಲಿ ಭಾರತದ ಆಹಾರಗಳ ಪೋಷಕಾಂಶಗಳ ಕೈಪಿಡಿ ಹೊರತಂದರು. ಇದೂ ಹಸಿದವರಿಗಾಗಿಯೇ ಹುಟ್ಟಿದ್ದು. ಅಯ್ಕ್ರಾಯ್ಡ್ ಮುಂದೆ ಬಂಗಾಳದ ಕ್ಷಾಮದ ವಿಚಾರಣಾ ಆಯೋಗದಲ್ಲಿಯೂ ಕುಳಿತವರು. 1971ರಲ್ಲಿ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು ಅದನ್ನು ಹೊಸದಾಗಿ ಬರೆದರು. ನೂರು ಗ್ರಾಂ ರಾಗಿಗೆ 328 ಕ್ಯಾಲೊರಿ, 344 ಮಿಲಿಗ್ರಾಂ ಸುಣ್ಣಾಂಶ: ನಮ್ಮ ತಲೆಮಾರಿನ ವೈದ್ಯರು ಓದಿದ್ದು ಈ ಕೋಷ್ಟಕವನ್ನೇ. 2017ರಲ್ಲಿ ಮತ್ತೊಮ್ಮೆ ಪರಿಷ್ಕಾರವಾಯಿತು.

ಅದು ಒಣ ರಾಗಿಯ ಲೆಕ್ಕ ಎಂಬುದನ್ನು ಮರೆಯಬಾರದು. ಹಿಟ್ಟು ನೀರು ಕುಡಿದು ಮುದ್ದೆಯಾದಾಗ ಅದರ ತೂಕ ಇಮ್ಮಡಿಯನ್ನೂ ಮೀರುತ್ತದೆ. ಮುದ್ದೆಯನ್ನು ತೂಗಿ ಹಿಟ್ಟಿನ ಅಂಕಿ ಬರೆದವನು ತಾನು ಉಣ್ಣದ ಅನ್ನಕ್ಕೂ ತಪ್ಪೊಪ್ಪಿಕೊಂಡಂತೆ. ಒಗ್ಗರಣೆಯ ವಿಷಯ ಇದಕ್ಕೆ ತದ್ವಿರುದ್ಧ. ಅದು ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಅಮೆರಿಕದಲ್ಲಿ ಮೈಕ್ ಲೀ 2005ರಲ್ಲಿ ತಮ್ಮ ಸಹೋದರನೊಡನೆ ಮೈಫಿಟ್‌ನೆಸ್‌ಪ್ಯಾಲ್ ಆರಂಭಿಸಿದಾಗ ಪುಸ್ತಕದ ಕೋಷ್ಟಕ ಗಣಕಕ್ಕೆ ಬಂತು. ಬಳಕೆದಾರರೇ ತಮ್ಮ ತಿನಿಸುಗಳನ್ನು ಸೇರಿಸಬಹುದಾದುದರಿಂದ ಬಿಸಿಬೇಳೆಬಾತಿಗೂ ಜಾಗ ದೊರೆಯಿತು. ಜೊತೆಗೆ ಒಂದೇ ಬಟ್ಟಲಿಗೆ ಹತ್ತಾರು ಬೆಲೆಗಳೂ ದೊರೆತವು. 2014ರಲ್ಲಿ ಕ್ಯಾಲಿಫೋರ್ನಿಯದ ವೈದ್ಯರು 212 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದರು. ಆರು ತಿಂಗಳಾದ ಮೇಲೆ, ಬಳಸಿದವರಿಗೂ ಬಳಸದವರಿಗೂ ತೂಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಬಹುಮಂದಿ ಮೊದಲ ತಿಂಗಳ ನಂತರ ಅದನ್ನು ತೆರೆಯುವುದನ್ನೇ ಕಡಿಮೆ ಮಾಡಿದ್ದರು. ಬಿಡದೆ ಬರೆದವರಿಗೆ ಪ್ರಯೋಜನವಾದುದನ್ನು ನಾವೂ ಕಂಡಿದ್ದೇವೆ; ಬರೆಯುವ ಶಿಸ್ತೇ ಅರ್ಧ ಔಷಧವೆಂದು ನಮ್ಮ ಅಭಿಪ್ರಾಯ.

ನಮ್ಮ ಹಳೆಯ ತೀರ್ಪಿಗೆ ಹಿಂದಿರುಗೋಣ. 1992ರಲ್ಲಿ ನ್ಯೂಯಾರ್ಕಿನ ಸಂಶೋಧಕರು, ಕಡಿಮೆ ಉಂಡರೂ ಇಳಿಯುವುದಿಲ್ಲವೆನ್ನುತ್ತಿದ್ದ ಹತ್ತು ಮಂದಿಯನ್ನು ಅಳೆದರು. ಅವರು ಉಂಡದ್ದರಲ್ಲಿ ಸರಾಸರಿ ಶೇ. 47ರಷ್ಟು ಲೆಕ್ಕಕ್ಕೆ ಬಂದಿರಲಿಲ್ಲ. ಅವರ ದೇಹ ಶಕ್ತಿಯನ್ನು ವ್ಯಯಿಸುವ ಬಗೆಯಲ್ಲಿ ದೋಷವಿರಲಿಲ್ಲ. ಇದನ್ನು ಓದಿದಾಗ ನಮ್ಮ ಸಂಶಯವೇ ಸರಿಯಾಯಿತೆಂದು ಬೀಗಿದೆವು. ಆ ಹತ್ತು ಮಂದಿಗೆ ತಾವು ತಪ್ಪು ಬರೆಯುತ್ತಿದ್ದೇವೆಂಬುದು ತಿಳಿದಿತ್ತೇ ಎಂದು ಯೋಚಿಸಲಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮವರೇ ಆದ ಗೃಹಿಣಿಯೊಬ್ಬರು ಮಧುಮೇಹಕ್ಕೆಂದು ಬಂದರು. ಮೂರು ತಿಂಗಳ ಲೆಕ್ಕವನ್ನು ಒಂದು ದಿನವೂ ಬಿಡದೆ ಬರೆದಿದ್ದರು; ದಿನಕ್ಕೆ 1,400 ದಾಟಿರಲಿಲ್ಲ. ತೂಕ ಮಾತ್ರ ಕದಲಿರಲಿಲ್ಲ. ನಿಜ ಹೇಳಿ ಎಂದು ನಾವು ಸ್ವಲ್ಪ ಒರಟಾಗಿಯೇ ಕೇಳಿದೆವು. ಆಕೆ ಕಣ್ಣೀರಿಟ್ಟರು. ಮುಂದಿನ ಸಲ ಎಣ್ಣೆಯ ಬಾಟಲಿಯ ಮೇಲೆ ತೆರೆದ ದಿನವನ್ನು ಬರೆದಿಡಲು ಹೇಳಿ ಕಳುಹಿಸಿದೆವು. ಗಂಡ ಹೆಂಡತಿ ಇಬ್ಬರೇ ಇರುವ ಮನೆ. ಒಂದು ಲೀಟರ್ ಹತ್ತು ದಿನಕ್ಕೆ ಮುಗಿದಿತ್ತು. ಒಂದು ಲೀಟರ್ ಎಣ್ಣೆಯಲ್ಲಿ ಸುಮಾರು 8,200 ಕ್ಯಾಲೊರಿ. ತಲೆಗೆ ದಿನಕ್ಕೆ ನಾನೂರು. ಆಕೆ ಬರೆಯುತ್ತಿದ್ದ ‘ಒಂದು ಬಟ್ಟಲು ಪಲ್ಯ’ದ ಅಂಕಿ, ಬೇಯಿಸಿದ ತರಕಾರಿಗೆ ಇನ್ಯಾರೋ ಕೊಟ್ಟದ್ದಾಗಿತ್ತು. ಆಕೆ ಸುಳ್ಳು ಹೇಳಿರಲಿಲ್ಲ. ಆ ದಿನ ಔಷಧದ ಚೀಟಿಗೆ ಮುನ್ನ ನಾವು ಕ್ಷಮೆ ಕೇಳಿದೆವು.