ಯುದ್ಧದಾಟಗಳಲ್ಲಿ ಹಿಮ್ಮೆಟ್ಟುವಿಕೆಯ ನಿಯಮಗಳು

ಮೇಜಿನ ಮೇಲೆ ಕಿರುಗೊಂಬೆಗಳನ್ನಿಟ್ಟು ಆಡುವ ಯುದ್ಧದಾಟಗಳಲ್ಲಿ, ಸೋತ ಅಥವಾ ಎದೆಗುಂದಿದ ತುಕಡಿಯು ಯಾವ ದಿಕ್ಕಿಗೆ, ಎಷ್ಟು ದೂರ ಹಿಂದೆ ಸರಿಯಬೇಕೆಂಬುದನ್ನು ನಿರ್ಧರಿಸುವ ಕಟ್ಟಳೆಗಳೇ ಹಿಮ್ಮೆಟ್ಟುವಿಕೆಯ ನಿಯಮಗಳು. ಚದುರಂಗದ ಕಾಯಿಯನ್ನು ನಡೆಸುವವನು ಅದರ ಆಟಗಾರನೇ. ಹಿಮ್ಮೆಟ್ಟುವ ತುಕಡಿಯಾದರೋ ಆಟಗಾರನ ಇಚ್ಛೆಗೆ ವಿರುದ್ಧವಾಗಿ ಚಲಿಸುತ್ತದೆ. ಆದುದರಿಂದ ನಿಯಮದ ಒಂದು ಪದವನ್ನು ಹೇಗೆ ಅರ್ಥೈಸಲಾಗುತ್ತದೆ ಎಂಬುದರ ಮೇಲೆ ತುಕಡಿಯ ಅಳಿವು ಉಳಿವು ನಿಂತಿರುತ್ತದೆ.

ಹಿನ್ನೆಲೆ

ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಸ್ 1824ರಲ್ಲಿ ಪ್ರಕಟಿಸಿದ 'ಕ್ರೀಗ್‌ಸ್ಪೀಲ್' ಆಟವನ್ನು 1:8000 ಪ್ರಮಾಣದ ಭೂಪಟದ ಮೇಲೆ ಆಡಲಾಗುತ್ತಿತ್ತು. ಆಟಗಾರರು ಆಜ್ಞೆಗಳನ್ನು ತೀರ್ಪುಗಾರನಿಗೆ ನೀಡುತ್ತಿದ್ದರು. ಆತನು ಕೋಷ್ಟಕ ಹಾಗೂ ದಾಳಗಳ ನೆರವಿನಿಂದ ಫಲಿತಾಂಶವನ್ನು ನಿರ್ಣಯಿಸುತ್ತಿದ್ದನು. 1876ರಲ್ಲಿ ವೆರ್ಡಿ ದು ವೆರ್ನುವಾ ಎಂಬ ಅಧಿಕಾರಿಯು ಜಟಿಲ ಕೋಷ್ಟಕಗಳಿಗಿಂತ ತೀರ್ಪುಗಾರನ ಅನುಭವಕ್ಕೇ ಪ್ರಾಶಸ್ತ್ಯ ನೀಡಬೇಕೆಂದು ಪ್ರತಿಪಾದಿಸಿದನು. ಎಚ್. ಜಿ. ವೆಲ್ಸ್ ಅವರ 'ಲಿಟಲ್ ವಾರ್ಸ್' (1913) ಕೃತಿಯಲ್ಲಿ ಪದಾತಿಗೆ ಒಂದು ಅಡಿ, ಅಶ್ವದಳಕ್ಕೆ ಎರಡು ಅಡಿಗಳ ನಡೆ ಗೊತ್ತುಪಡಿಸಲಾಗಿದೆ. ಸೈನಿಕರು ಎದೆಗುಂದಿ ಓಡುವ ನಿಯಮ ಅದರಲ್ಲಿಲ್ಲ. ಮುಂದೆ ಇಬ್ಬರೇ ಕುಳಿತು ಆಡುವ ಹವ್ಯಾಸಿ ಆಟಗಳು ಬೆಳೆದಂತೆ, ತೀರ್ಪುಗಾರನ ಕೆಲಸವನ್ನು ನಿಯಮಪುಸ್ತಕದ ವಾಕ್ಯಗಳೇ ನಿರ್ವಹಿಸಬೇಕಾಯಿತು.

ಪ್ರಮುಖ ಬಗೆಗಳು

* *ಹಿಂಜರಿತ*: ತುಕಡಿಯು ಶತ್ರುವಿಗೆ ಮುಖಮಾಡಿಕೊಂಡೇ ಸ್ವಲ್ಪ ಹಿಂದೆ ಸರಿಯುತ್ತದೆ. 1990ರಲ್ಲಿ ಮೊದಲು ಪ್ರಕಟವಾದ 'ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್' ಆಟದಲ್ಲಿ ಎದುರಾಳಿಗಿಂತ ಕಡಿಮೆ, ಆದರೆ ಅವನ ಅರ್ಧಕ್ಕಿಂತ ಹೆಚ್ಚು ಅಂಕ ಗಳಿಸಿದ ತುಕಡಿಗಳು ಸಾಮಾನ್ಯವಾಗಿ ಹೀಗೆ ಹಿಂಜರಿಯುತ್ತವೆ. ಹಿಂದೆ ಶತ್ರುವಿದ್ದು ದಾರಿ ಮುಚ್ಚಿದ್ದರೆ ಅವು ನಾಶವಾಗುತ್ತವೆ.
* *ಪಲಾಯನ*: ತುಕಡಿಯು ಬೆನ್ನು ತಿರುಗಿಸಿ ಓಡುತ್ತದೆ. 'ವಾರ್‌ಹ್ಯಾಮರ್ ಫ್ಯಾಂಟಸಿ ಬ್ಯಾಟಲ್' ಆಟದ ಹಲವು ಆವೃತ್ತಿಗಳಲ್ಲಿ ಓಟದ ದೂರವನ್ನು ಎರಡು ದಾಳಗಳ ಮೊತ್ತದಷ್ಟು ಅಂಗುಲಗಳೆಂದೂ, ವೇಗದ ತುಕಡಿಗಳಿಗೆ ಮೂರು ದಾಳಗಳ ಮೊತ್ತವೆಂದೂ ಎಣಿಸಲಾಗುತ್ತದೆ. ಬೆನ್ನಟ್ಟುವವರ ಮೊತ್ತ ಅದಕ್ಕೆ ಸಮ ಅಥವಾ ಹೆಚ್ಚಾದರೆ ಓಡುವ ತುಕಡಿಯು ನಾಶವಾಗುತ್ತದೆ.

ವ್ಯಾಖ್ಯಾನದ ತೊಡಕುಗಳು

'ಶತ್ರುವಿನಿಂದ ನೇರವಾಗಿ ದೂರಕ್ಕೆ' ಎಂಬ ಮಾತು ಒಬ್ಬನೇ ಶತ್ರುವಿದ್ದಾಗ ಸ್ಪಷ್ಟ. ಇಬ್ಬರು ಎರಡು ಬದಿಗಳಿಂದ ಆಕ್ರಮಿಸಿದಾಗ ಯಾರಿಂದ ದೂರ ಎಂಬ ಪ್ರಶ್ನೆ ಏಳುತ್ತದೆ. ತಿರುಗುವ ಕ್ರಿಯೆಯನ್ನು ದೂರದಲ್ಲಿ ಲೆಕ್ಕಹಿಡಿಯಬೇಕೆ ಎಂಬುದು ಇನ್ನೊಂದು ತೊಡಕು. ಹಿಮ್ಮೆಟ್ಟುವಿಕೆಯೂ 'ನಡೆ'ಯೇ ಎಂದು ಭಾವಿಸಿದರೆ, ಕಾಡು ಮತ್ತು ಜೌಗಿನಲ್ಲಿ ಸಾಮಾನ್ಯ ನಡೆಗಿರುವ ಮಿತಿಗಳು ಅದಕ್ಕೂ ಅನ್ವಯಿಸುತ್ತವೆ, ಅಲ್ಲವೆಂದರೆ ಅನ್ವಯಿಸುವುದಿಲ್ಲ.

ಉದಾಹರಣೆಗೆ, 7 ಅಂಗುಲ ಓಡಬೇಕಾದ ತುಕಡಿಯ ಹಿಂದೆ 5 ಅಂಗುಲ ದೂರದಲ್ಲಿ ಸ್ವಪಕ್ಷದ ತುಕಡಿಯಿದೆ. ಬೆನ್ನಟ್ಟುವ ಶತ್ರುವಿನ ದೂರ 6 ಅಂಗುಲ ಎಂದಿಟ್ಟುಕೊಳ್ಳಬಹುದು. ಸ್ವಪಕ್ಷದವರ ನಡುವೆ ಹಾದುಹೋಗಬಹುದೆಂದರೆ ತುಕಡಿ ಉಳಿಯುತ್ತದೆ. ಅಲ್ಲಿಯೇ ನಿಲ್ಲಬೇಕೆಂದರೆ ಶತ್ರುವಿನ ಕೈಗೆ ಸಿಗುತ್ತದೆ. ದಾಳವೂ ದೂರವೂ ಬದಲಾಗದೆ ಫಲಿತಾಂಶ ಮಾತ್ರ ಬದಲಾಗುತ್ತದೆ.

ವಿವಾದ ಪರಿಹಾರ

ವಿಶೇಷ ನಿಯಮವು ಸಾಮಾನ್ಯ ನಿಯಮವನ್ನು ಮೀರುತ್ತದೆ ಎಂಬುದು ರೂಢಿಯ ಸೂತ್ರ. ಪ್ರಕಾಶಕರು ತಿದ್ದುಪಡಿ ಹಾಗೂ ಪ್ರಶ್ನೋತ್ತರಗಳನ್ನು ಪ್ರಕಟಿಸುವುದುಂಟು. ಸ್ಪರ್ಧೆಗಳಲ್ಲಿ ತೀರ್ಪುಗಾರನ ನಿರ್ಣಯವೇ ಅಂತಿಮ. ಸ್ನೇಹದ ಆಟಗಳಲ್ಲಿ ಒಮ್ಮತ ಮೂಡದಿದ್ದಾಗ ದಾಳ ಉರುಳಿಸಿ ಆಟವನ್ನು ಮುಂದುವರಿಸುವ ಪದ್ಧತಿಯಿದೆ. ಆಟಕ್ಕೆ ಮುನ್ನವೇ ಇಂತಹ ಸಂದರ್ಭಗಳ ಬಗ್ಗೆ ಒಪ್ಪಂದಕ್ಕೆ ಬರುವವರೂ ಇದ್ದಾರೆ.